ಪ್ಲೈವುಡ್ಡಿಗೆ ನಟ್ಟು ನೋಡಿದ ಕತೆ

ಮರಾನೂ ಕಬ್ಬಿಣಾನೂ ಒಂದೇ ಸೂರಿನಡಿ ಇಟ್ಟುಕೊಂಡವನು ನಗೋದಕ್ಕೆ ನಾಟಕ ನೋಡಬೇಕಾಗಿಲ್ಲ. ಪ್ರಸಂಗಗಳು ತಾವಾಗಿಯೇ ವಿಳಾಸ ಕೇಳಿಕೊಂಡು ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಿರುತ್ತವೆ. ನಮ್ಮ ಕೆಲಸ ಏನಿದ್ದರೂ ಅವಕ್ಕೊಂದು ಸ್ಟೂಲ್ ಹಾಕಿಕೊಡೋದು ಅಷ್ಟೆ.

ನಾನು ಬೇಗೂರು ಕಡೆಯ ಒಕ್ಕಲು ಮನೆಯವನು. ಐಟಿಐಯಲ್ಲಿ ಫಿಟ್ಟರ್ ಕಲಿತು, ಕಾರ್ಖಾನೆಗಳ ಗೇಟು ಕಾಯ್ದು ಸಾಕಾಗಿ, ಗುಂಡ್ಲುಪೇಟೆಯ ಹೆದ್ದಾರಿ ಪಕ್ಕ ಒಂದು ತಗಡಿನ ಶೆಡ್ಡಿನಲ್ಲಿ ನೆಲೆಯಾದೆ. ಜೊತೆಗಾರರು ಒಬ್ಬ ಬಡಗಿ. ನನ್ನ ಅಪ್ಪನ ವಯಸ್ಸಿನವರು. ಊರಿಗೆಲ್ಲ ಅವರು ‘ಸಾಬ್ರು’, ನನಗೆ ‘ಭಾಯ್’. ಅವರಿಗೆ ನಾನು ‘ಫಿಟ್ಟರ್ರು’. ಮರ ಅವರದು, ಕಬ್ಬಿಣ ನಂದು. ಎರಡೂ ಬೇರೆ ಬೇರೆ ಇರುವಷ್ಟು ಹೊತ್ತು ನಮ್ಮಂಥ ಜೋಡಿ ತಾಲ್ಲೂಕಿನಲ್ಲೇ ಇರಲಿಲ್ಲ. ಕಬ್ಬಿಣ ಮರದೊಳಕ್ಕೆ ಹೋಗಬೇಕು ಅಂದಾಗಲೇ ಜಗಳ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಆ ಜಗಳಕ್ಕೆ ಬಿಡುವೇ ಇಲ್ಲದಂತಾಯಿತು. ಯಾಕೆಂದರೆ ಎಲ್ಲರಿಗೂ ಬಿಚ್ಚಿ ಜೋಡಿಸುವ ಸಾಮಾನೇ ಬೇಕು. ಬಿಚ್ಚುವ ಮಂಚ, ಬಿಚ್ಚುವ ಕಪಾಟು, ಬಿಚ್ಚುವ ಗೋಡೆ. ಪ್ಲೈವುಡ್ಡಿಗೆ ಸ್ಕ್ರೂ ಹೊಡೆದು ನಾಲ್ಕು ಸಲ ಬಿಚ್ಚಿ ಹಾಕಿದರೆ ತೂತು ಮುದುಕನ ಬಾಯಿಯ ಹಾಗೆ ಸಡಿಲವಾಗುತ್ತೆ. ಅದಕ್ಕೆ ಪ್ಲೈವುಡ್ಡಿನೊಳಗೇ ಒಂದು ಪುಟ್ಟ ಲೋಹದ ಕೊಳವೆ ಕೂರಿಸಿ, ಅದರೊಳಗಿನ ತಿರುಪು ಗೆರೆಗೆ, ಅಂದರೆ ಥ್ರೆಡ್ಡಿಗೆ, ಬೋಲ್ಟು ಹಾಕಬೇಕು. ಆಗ ಬೋಲ್ಟು ಎಷ್ಟು ಸಲ ಬಂದು ಹೋದರೂ ಮರಕ್ಕೆ ಸವೆತವಿಲ್ಲ. ಆ ಕೊಳವೆಗೆ ಇಂಗ್ಲಿಷಿನಲ್ಲಿ ಇನ್ಸರ್ಟ್ ಅಂತ ಹೆಸರು. ಈ ಹೆಸರು ನಮಗೆ ಗೊತ್ತಾದದ್ದೇ ಮೊದಲನೇ ಪ್ರಸಂಗ.

ಸಾಹೇಬರು ನೋಡೋಕೆ ಬರ್ತಾರೆ

ಚಾಮರಾಜನಗರದಲ್ಲಿ ಒಂದು ಖಾಸಗಿ ಆಫೀಸಿಗೆ ಪ್ಲೈವುಡ್ ಪಾರ್ಟಿಷನ್ ಮಾಡುವ ಕೆಲಸ ಸಿಕ್ಕಿತ್ತು. ಕೆಲಸ ನೋಡಿಕೊಳ್ಳುತ್ತಿದ್ದವನು ಮೈಸೂರಿನ ಒಬ್ಬ ಎಂಜಿನಿಯರ್, ಹೊಸದಾಗಿ ಪಾಸಾಗಿ ಬಂದ ಹುಡುಗ. ಅವನು ಶೆಡ್ಡಿಗೆ ಫೋನ್ ಮಾಡಿದ ದಿನ ನಾನು ಊರಿಗೆ ಹೋಗಿದ್ದೆ. ಫೋನ್ ಎತ್ತಿದ್ದು ಭಾಯ್.

“ನಾಳೆ ನಮ್ಮ ದೊಡ್ಡ ಸಾಹೇಬ್ರು ನೋಡೋಕೆ ಬರ್ತಾರೆ. ಇನ್ಸರ್ಟ್ ಇಲ್ಲದೆ ಮಾತ್ರ ಬರಬೇಡಿ ಮೇಸ್ತ್ರಿ. ಇನ್ಸರ್ಟ್ ಇಲ್ದಿದ್ರೆ ಸಾಹೇಬ್ರು ಕೆಲಸಾನೇ ಒಪ್ಪಲ್ಲ.”

ಭಾಯ್ ‘ಆಯ್ತು ಸಾರ್’ ಅಂದರು. ನಮ್ಮ ಕಡೆ ಇನ್ಸರ್ಟ್ ಅಂದರೆ ಅಂಗಿಯನ್ನು ಪ್ಯಾಂಟಿನೊಳಕ್ಕೆ ಸಿಕ್ಕಿಸೋದು. ಸ್ಕೂಲಿನಲ್ಲಿ ಮೇಷ್ಟ್ರು ‘ಇನ್ಸರ್ಟ್ ಮಾಡ್ಲಾ’ ಅಂತ ಕಿವಿ ಹಿಂಡದ ಹುಡುಗನಿಲ್ಲ. ಭಾಯ್ ಮಾತ್ರ ಹುಟ್ಟಿದಾಗಿನಿಂದ ಪೈಜಾಮ, ಮೊಣಕಾಲು ಮುಟ್ಟುವ ಜುಬ್ಬಾ ಬಿಟ್ಟು ಬೇರೆ ತೊಟ್ಟವರಲ್ಲ.

ಮಾರನೇ ದಿನ ನಾನು ಬೇಗೂರಿನಿಂದ ಬಸ್ ಹತ್ತಿ ಬಂದು, ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಭಾಯ್‌ಗಾಗಿ ಹುಡುಕುತ್ತೇನೆ, ಅವರು ಕಾಣಿಸುತ್ತಿಲ್ಲ. ಪಕ್ಕದಲ್ಲೇ ಯಾರೋ ಉಸಿರು ಕಟ್ಟಿದವರಂತೆ ನಿಂತಿದ್ದರು. ನೋಡಿದರೆ ಭಾಯ್! ಅಳಿಯನ ಪ್ಯಾಂಟು, ಅಳಿಯನ ಅಂಗಿ, ಹೊಟ್ಟೆಯ ನಡುವೆ ಅಳಿಯನ ಬೆಲ್ಟು. ಅಳಿಯ ಜೋಳದ ಕಡ್ಡಿಯಂಥವನು.

“ಇದೇನ್ ಭಾಯ್?”

“ಮಾತಾಡಿಸ್ಬೇಡಿ ಫಿಟ್ಟರ್ರೇ, ಗುಂಡಿ ಹೋಗ್ಬಿಡ್ತದೆ.”

ಬಸ್ಸಿನಲ್ಲಿ ಸೀಟಿದ್ದರೂ ಅವರು ಚಾಮರಾಜನಗರದವರೆಗೆ ನಿಂತೇ ಬಂದರು. ಕೂತರೆ ಏನಾಗುತ್ತೆ ಅನ್ನೋದು ಅವರಿಗೂ ಗೊತ್ತಿತ್ತು, ಪ್ಯಾಂಟಿಗೂ ಗೊತ್ತಿತ್ತು.

ಆಫೀಸಿನಲ್ಲಿ ದೊಡ್ಡ ಸಾಹೇಬರು ಆಗಲೇ ಬಂದಿದ್ದರು. ಎಂಜಿನಿಯರ್ ಹುಡುಗ ಓಡಿ ಬಂದು, “ಮೇಸ್ತ್ರಿ, ಇನ್ಸರ್ಟ್?” ಅಂದ.

“ಮಾಡಿದೀನಿ ಸಾರ್,” ಅಂತ ಭಾಯ್ ಎದೆಯುಬ್ಬಿಸಿದರು.

“ಎಲ್ಲಿ, ತೋರ್ಸಿ?”

ಭಾಯ್ ಮೆಲ್ಲಗೆ ಒಂದು ಸುತ್ತು ತಿರುಗಿ ತೋರಿಸಿದರು. “ಹಿಂದೇನೂ ಮಾಡಿದೀನಿ.”

ಹುಡುಗನಿಗೆ ಅರ್ಥವಾಗಲಿಲ್ಲ. ಸಾಹೇಬರ ಮುಂದೆ ಗಾಬರಿಯಾಗಿದ್ದ. “ಅಲ್ಲ ಮೇಸ್ತ್ರಿ, ಯಾವುದು ಹಾಕಿರೋದು ಅಂತ. ಹಿತ್ತಾಳೇದೋ, ಸ್ಟೀಲ್‌ದೋ?”

ಭಾಯ್ ಬೆಲ್ಟು ಮುಟ್ಟಿ ನೋಡಿಕೊಂಡು ಹೇಳಿದರು: “ಟೆರಿಕಾಟ್ ಸಾರ್.”

ಮೇಡಂ ಅವರ ಕಪಾಟು

ಆ ಸಾಹೇಬರು ನಕ್ಕು ನಕ್ಕು ಕೊನೆಗೆ ತಮ್ಮ ಬ್ಯಾಗಿನಿಂದಲೇ ಒಂದು ಹಿತ್ತಾಳೆ ಇನ್ಸರ್ಟ್ ತೆಗೆದು ನಮಗೆ ಕೊಟ್ಟರು. ಹೊರಗೂ ಥ್ರೆಡ್ಡು, ಒಳಗೂ ಥ್ರೆಡ್ಡು. ಮರದೊಳಕ್ಕೆ ತಿರುಗಿಸಿ ಕೂರಿಸುವಂಥದ್ದು. ನೋಡೋಕೆ ಬಂಗಾರದ ಹಾಗಿತ್ತು. ನಾನು ಮೈಸೂರಿಗೆ ಹೋಗಿ ಅದೇ ಥರದ್ದು ಒಂದು ಪೊಟ್ಟಣ ತಂದೆ.

ಮೊದಲ ಗಿರಾಕಿ ಗುಂಡ್ಲುಪೇಟೆಯ ಒಬ್ಬ ಹೈಸ್ಕೂಲ್ ಮೇಡಂ. ಅವರಿಗೆ ಎಲ್ಲಿಗಾದರೂ ವರ್ಗ ಆಗುತ್ತಲೇ ಇತ್ತು. ಪ್ರತಿ ಸಲ ಪುಸ್ತಕದ ಕಪಾಟು ಸಾಗಿಸುವಾಗ ಒಂದು ಕಾಲೋ ಒಂದು ಬಾಗಿಲೋ ಹಳೇ ಊರಿನಲ್ಲೇ ಉಳಿಯುತ್ತಿತ್ತಂತೆ. “ಪೂರ್ತಿ ಬಿಚ್ಚಿ, ಹಲಗೆ ಹಲಗೆ ಮಾಡಿ ಒಯ್ಯೋ ಹಾಗಿರಬೇಕು. ಮತ್ತೆ ಗಟ್ಟಿ ಇರಬೇಕು. ನನ್ನ ಪುಸ್ತಕ ಹಗುರ ಅಲ್ಲ,” ಅಂದರು.

“ಅಡ್ಡ ಹಲಗೆಯ ತುದಿಗೆ ಈ ಹಿತ್ತಾಳೇದು ಕೂರಿಸೋಣ,” ಅಂದೆ.

ಭಾಯ್ ಹಲಗೆಯ ಅಂಚನ್ನು ಹೆಬ್ಬೆರಳಿನಿಂದ ಸವರಿದರು. “ಫಿಟ್ಟರ್ರೇ, ಇದು ಮರ ಅಲ್ಲ, ಪ್ಲೈವುಡ್ಡು. ಒಂದರ ಮೇಲೊಂದು ಹಾಳೆ ಅಂಟಿಸಿರೋದು. ಅಂಚಿಗೆ ಬೆಣೆ ಹೊಡೆದು ಸೀಳಿದ ಹಾಗೆ ಆಗ್ತದೆ.”

“ಅದೇನಾಗಲ್ಲ ಭಾಯ್. ತೂತು ಒಂಚೂರು ಬಿಗಿಯಾಗೇ ಕೊರೆದ್ರೆ ಇನ್ನೂ ಗಟ್ಟಿ ಹಿಡಿಯುತ್ತೆ.”

ಒಂಚೂರು ಬಿಗಿಯಾಗೇ ಕೊರೆದೆ. ಪ್ರತಿ ಹಲಗೆಗೂ ಹಾಕಿದೆ. ಶೆಡ್ಡಿನಲ್ಲಿ ಕಪಾಟು ಬಂಡೆಯ ಹಾಗೆ ನಿಂತಿತು. ನಾನು ಭಾಯ್ ಮುಖ ನೋಡಿದೆ, ಭಾಯ್ ತಗಡಿನ ಸೂರು ನೋಡಿದರು.

ಮೇಡಂ ಮನೆಯಲ್ಲಿ ಜೋಡಿಸಿ, ಅವರು ಪುಸ್ತಕ ಇಡೋಕೆ ಶುರು ಮಾಡಿದರು. ಕೆಳಗಿನ ಹಲಗೆ ತುಂಬಿತು. ನಡುವಿನ ಹಲಗೆಗೆ ದಪ್ಪ ನಿಘಂಟು ಇಟ್ಟದ್ದೇ ತಡ, ‘ಚರ್ರ್’ ಅಂತ ಸದ್ದು. ಹಿತ್ತಾಳೆ ಹಾಕಿದ ಅಂಚೆಲ್ಲ ಪದರ ಪದರವಾಗಿ ಬಿಟ್ಟುಕೊಂಡಿತು. ಗಾಳಿ ಬಂದಿದ್ದರೆ ಹಾಳೆ ಮಗುಚುತ್ತಿತ್ತು.

ನನಗೆ ಮುಖ ಎತ್ತೋಕಾಗಲಿಲ್ಲ. ಭಾಯ್ ನನ್ನ ಪರವಾಗಿ, “ತಪ್ಪಾಯ್ತಮ್ಮ, ಅಂಚು ಬಿಟ್ಟು ಹಲಗೆಯ ಮೈಗೆ ಹಾಕಿ ಹೊಸದು ಮಾಡ್ಕೊಡ್ತೀವಿ,” ಅಂದರು.

ಮೇಡಂ ಕನ್ನಡಕ ಸರಿ ಮಾಡಿಕೊಂಡು ಆ ಅಂಚನ್ನೇ ನೋಡಿದರು. “ಮಾಡ್ಕೊಡಿ, ಪರವಾಗಿಲ್ಲ. ಆದ್ರೆ ನಾನು ಕೇಳಿದ್ದು ಪುಸ್ತಕ ಇಡೋ ಕಪಾಟು. ನೀವು ಕಪಾಟನ್ನೇ ಪುಸ್ತಕ ಮಾಡಿದೀರಿ.”

ಹಗ್ಗ ಜಗ್ಗಾಟ

ಇದಾದ ಮೇಲೆ ಇನ್ನು ಮೊದಲು ಪರೀಕ್ಷೆ, ಆಮೇಲೇ ಗಿರಾಕಿ ಅಂತ ಇಬ್ಬರೂ ಒಪ್ಪಿದೆವು. ಅಷ್ಟರಲ್ಲಿ ಮೂರು ಥರದ ಇನ್ಸರ್ಟ್ ಕೈಗೆ ಬಂದಿತ್ತು. ಒಂದು, ಸುತ್ತಿಗೆಯಲ್ಲಿ ಬಡಿದು ಕೂರಿಸುವ ಪ್ಲಾಸ್ಟಿಕ್ಕಿನದು. ಇನ್ನೊಂದು, ಅದೇ ಹಿತ್ತಾಳೇದು. ಮೂರನೇದು ಕಬ್ಬಿಣದ್ದು; ಟೋಪಿಯಂಥ ಅಗಲ ತಲೆ, ಅಂಚಿನಲ್ಲಿ ಚೂಪು ಹಲ್ಲುಗಳು. ಅದನ್ನು ಪ್ಲೈವುಡ್ಡಿನ ಹಿಂಬದಿಯಿಂದ ಬಡಿದರೆ ಹಲ್ಲು ಕಚ್ಚಿಕೊಳ್ಳುತ್ತೆ. ಮುಂದಿನಿಂದ ಬೋಲ್ಟು ಹಾಕಿ ಬಿಗಿದಷ್ಟೂ ಇನ್ನೂ ಕಚ್ಚುತ್ತೆ. ಭಾಯ್ ಅದಕ್ಕೆ ‘ಹಲ್ಲು ನಟ್ಟು’ ಅಂತ ಹೆಸರಿಟ್ಟರು.

ಮೂರನ್ನೂ ಒಂದು ತುಂಡು ಪ್ಲೈವುಡ್ಡಿಗೆ ಹಾಕಿ, ಆ ತುಂಡನ್ನು ಶೆಡ್ಡಿನ ಮುಂದಿನ ಕಂಬಕ್ಕೆ ಭದ್ರವಾಗಿ ಕಟ್ಟಿದೆವು. ನಟ್ಟಿಗೊಂದು ಕೊಕ್ಕೆ ಬೋಲ್ಟು, ಬೋಲ್ಟಿಗೊಂದು ಹಗ್ಗ. ಎಳೆಯೋರು ಬೇಕಲ್ಲ? ಪಕ್ಕದಲ್ಲೇ ಈರುಳ್ಳಿ ಮಂಡಿ. ಲಾರಿ ಬರುವುದು ತಡವಾಗಿ ಹಮಾಲಿಗಳು ಮೂಟೆ ಮೇಲೆ ಬೀಡಿ ಸೇದುತ್ತ ಕೂತಿದ್ದರು.

ಪ್ಲಾಸ್ಟಿಕ್ಕಿನದಕ್ಕೆ ಒಬ್ಬ ಹಮಾಲಿ ಹಗ್ಗ ಹಿಡಿದು ಸುಮ್ಮನೆ ನೋಡೋಣ ಅಂತ ಎಳೆದ. ಎಳೆದವನು ಹಿಂದಕ್ಕೆ ಈರುಳ್ಳಿ ರಾಶಿಯ ಮೇಲೆ ಬಿದ್ದ. “ಹಾಲುಹಲ್ಲು ಕಣ್ಲಾ ಇದು! ಮುಟ್ಟಿದ್ದಕ್ಕೇ ಬಂದ್ಬುಡ್ತು!”

ಹಿತ್ತಾಳೇದಕ್ಕೆ ಇಬ್ಬರು ಬೇಕಾದರು. ಅದು ಬರುವಾಗ ಪ್ಲೈವುಡ್ಡನ್ನೂ ಒಂದು ತುತ್ತು ಕಚ್ಚಿಕೊಂಡು ಬಂತು.

ಹಲ್ಲು ನಟ್ಟಿನ ಸರದಿ. ಇಬ್ಬರು ಎಳೆದರು, ಜಪ್ಪಯ್ಯ ಅನ್ನಲಿಲ್ಲ. ಮೂರನೆಯವನು ಸೇರಿದ. ಬಸ್ಸಿಗೆ ಕಾಯುತ್ತಿದ್ದವರು ಸೇರಿದರು. ಕೇರಳದ ಕಡೆ ಹೊರಟಿದ್ದ ಒಬ್ಬ ಲಾರಿ ಡ್ರೈವರ್ ಗಾಡಿ ನಿಲ್ಲಿಸಿ, ಲುಂಗಿ ಎತ್ತಿ ಕಟ್ಟಿ, ಅವನೂ ಹಗ್ಗ ಹಿಡಿದ. ಟೀ ಅಂಗಡಿಯವನು ಒಂದು ಕಡೆ, ಮಂಡಿ ಯಜಮಾನ ಒಂದು ಕಡೆ ಪಂದ್ಯ ಕಟ್ಟಿದರು. “ಎಳೀರ್ಲಾ! ಐಸಾ! ಇನ್ನೊಂದ್ ಸಲ ಎಳೀರ್ಲಾ!”

ಭಾಯ್ ನಟ್ಟು ಎಷ್ಟು ಅಲ್ಲಾಡುತ್ತೆ ಅಂತ ನೋಡೋಕೆ ಕಂಬದ ಹಿಂದೆ ಬಗ್ಗಿ ನಿಂತಿದ್ದರು.

ಆಗ ಕಂಬ ಬುಡಸಮೇತ ಬಂತು.

ಎಳೆಯುತ್ತಿದ್ದವರೆಲ್ಲ ಒಬ್ಬರ ಮೇಲೊಬ್ಬರು. ಅವರ ಹಿಂದೆಯೇ ಶೆಡ್ಡಿನ ಮುಂಭಾಗದ ತಗಡೆಲ್ಲ ಧಡಾರನೆ ಕುಸಿಯಿತು. ಧೂಳು. ಭಾಯ್ ಇಲ್ಲ. “ಭಾಯ್! ಭಾಯ್!” ಅಂತ ಕೂಗುತ್ತ ತಗಡು ಎತ್ತೋಕೆ ಹೋದೆ. ಕೆಲಸದ ಮೇಜು ತಗಡನ್ನು ತಡೆದಿತ್ತು. ಮೇಜಿನ ಅಡಿಯಿಂದ ಧೂಳು ತುಂಬಿದ ಗಡ್ಡವೊಂದು ಮೆಲ್ಲಗೆ ಹೊರಗೆ ಬಂತು.

“ಫಿಟ್ಟರ್ರೇ, ನಟ್ಟು ಬಂತಾ?”

“ಇಲ್ಲ ಭಾಯ್, ಕಂಬ ಬಂತು.”

“ಹಂಗಾದ್ರೆ ಇದೇ ಇರ್ಲಿ.”

ಅಜ್ಜಿಯ ಕಿವಿ

ಹಲ್ಲು ನಟ್ಟಿನ ಕೀರ್ತಿ ಊರೆಲ್ಲ ಹಬ್ಬಿತು. ಶಾಮಿಯಾನ ಬಾಡಿಗೆ ಕೊಡುವ ಯಜಮಾನನೊಬ್ಬ ಓಡಿ ಬಂದು, ಬಿಚ್ಚಿ ಜೋಡಿಸುವ ಮದುವೆ ವೇದಿಕೆ ಬೇಕು ಅಂದ. ಕೆಳಗೆ ಅಡಿಕಟ್ಟು, ಹಿಂದೆ ಎತ್ತರದ ಗೋಡೆ, ನಡುವೆ ಗಂಡು ಹೆಣ್ಣು ಕೂರುವ ಜೋಡಿ ಸಿಂಹಾಸನ. ಎಲ್ಲವನ್ನೂ ಎರಡೂ ಮೈಗೆ ಪ್ಲೈವುಡ್ ಹೊಡೆದು, ಒಳಗೆ ಟೊಳ್ಳು ಬಿಟ್ಟು, ಪೆಟ್ಟಿಗೆಯ ಹಾಗೆ ಹಗುರವಾಗಿ ಮಾಡಿದೆವು. ನಟ್ಟುಗಳು ಆ ಟೊಳ್ಳಿನೊಳಗೆ ಕಣ್ಣಿಗೆ ಕಾಣದಂತೆ ಕೂತವು.

ಮೊದಲನೇ ಮದುವೆಗೆ ನಾವಿಬ್ಬರೂ ನೋಡೋಕೆ ಹೋದೆವು. ಜೋಡಿಸುವಾಗ ಒಬ್ಬ ಆಳು ಅವಸರದಲ್ಲಿ ಬೋಲ್ಟನ್ನು ತಿರುಗಿಸೋ ಬದಲು ಅಂಗೈಯಿಂದ ಗುದ್ದಿದ್ದನಂತೆ. ಹಲ್ಲು ನಟ್ಟು ಎಳೆದರೆ ಬರೋದಿಲ್ಲ, ನಿಜ. ಮುಂದಿನಿಂದ ನೂಕಿದರೆ ಮಾತ್ರ ಸಲೀಸಾಗಿ ಹಿಂದಕ್ಕೆ ಬೀಳುತ್ತೆ. ಬಿದ್ದು ಸಿಂಹಾಸನದ ಟೊಳ್ಳಿನೊಳಗೆ ಸೇರಿಕೊಂಡಿತ್ತು.

ಗಂಡು ಬಂದು ಕೂತ. ಕಾಲು ಸರಿಸಿದ, ‘ಗಣ್’. ಪಂಚೆ ಸರಿ ಮಾಡಿಕೊಂಡ, ‘ಗಣಗಣ’. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಣ್ಣಿನ ಅಜ್ಜಿ ಕಿವಿ ನಿಗುರಿಸಿದರು. ಗಂಡಿನ ತಾಯಿಯ ಕಡೆ ಬಗ್ಗಿ, ಚಪ್ಪರಕ್ಕೆಲ್ಲ ಕೇಳುವ ಗುಟ್ಟಿನ ದನಿಯಲ್ಲಿ ಕೇಳಿದರು: “ನಿಮ್ಮ ಮಗಂಗೆ ಕೀಲುನೋವೇನವ್ವಾ? ಅಳ್ಳಾಡ್ದಾಗೆಲ್ಲ ಮೂಳೆ ಸದ್ದು ಬತ್ತದಲ್ಲ!”

ಗಂಡಿನ ತಾಯಿ ಕೆಂಪಾದರು. “ನಮ್ಮ ಹುಡುಗ ಕಬಡ್ಡಿ ಆಡೋನು! ಏಳಪ್ಪಾ, ಎದ್ದು ತೋರ್ಸು!”

ಹುಡುಗ ಬಾಸಿಂಗ ಕಟ್ಟಿಕೊಂಡೇ ಎದ್ದು ನಿಂತ. ಬಸ್ಕಿ ಹೊಡೆದ. ಒಂದು ಚೂರೂ ಸದ್ದಿಲ್ಲ. ಬೀಗರು ಉಸಿರು ಬಿಟ್ಟರು. ಹುಡುಗ ಬೆವರು ಒರೆಸಿಕೊಂಡು ಮತ್ತೆ ಕೂತ.

‘ಗಣ್!’

ಅಜ್ಜಿ ತಲೆಯಾಡಿಸಿ ತೀರ್ಪು ಕೊಟ್ಟರು: “ನಿಂತ್ಕಂಡ್ರೆ ಸರ್ಯಾಗವ್ನೆ. ನಿಲ್ಸೇ ತಾಳಿ ಕಟ್ಸ್‌ಬುಡಿ.”

ಲಾರಿಯಲ್ಲಿ ಮದುವಣಿಗ

ಅಜ್ಜಿಯ ಮಾತು ಭಾಯ್‌ಗೆ ಚುಚ್ಚಿತು. ವೇದಿಕೆಯನ್ನು ಶೆಡ್ಡಿಗೆ ತರಿಸಿ, ಸಿಂಹಾಸನದ ಹಿಂಬದಿ ಬಿಚ್ಚಿ, ಬಿದ್ದ ನಟ್ಟನ್ನು ಮತ್ತೆ ಬಡಿದು ಕೂರಿಸಿ, ಎಲ್ಲ ಪೆಟ್ಟಿಗೆಗಳನ್ನೂ ಸುತ್ತ ಗೋಂದು ಬಳಿದು, ಮೇಲೆ ಮೊಳೆ ಹೊಡೆದು ಮುಚ್ಚಿಬಿಟ್ಟರು. “ಇನ್ನು ಒಳಗಿರೋ ನಟ್ಟನ್ನ ಆ ಮೇಲಿನವನೇ ನೋಡ್ಬೇಕು,” ಅಂದರು.

ಒಂದು ವರ್ಷ ವೇದಿಕೆ ಊರೂರು ತಿರುಗಿತು. ಬೇಸಗೆಯ ಮದುವೆಗಳು ಬಂದವು. ಒಂದು ದಿನ ಬೆಳಿಗ್ಗೆ ಚಾಮರಾಜನಗರದಲ್ಲಿ ಮನೆ ಮುಂದಿನ ಚಪ್ಪರದಲ್ಲಿ ಧಾರೆ. ಅದೇ ದಿನ ಸಂಜೆ ಗುಂಡ್ಲುಪೇಟೆಯಲ್ಲಿ ಬೇರೆಯವರ ಆರತಕ್ಷತೆ. ಮಧ್ಯಾಹ್ನ ಶಾಮಿಯಾನದ ಯಜಮಾನನ ಫೋನು: “ಬೇಗ ಬನ್ನಿ, ವೇದಿಕೆ ಬಿಚ್ಚಾಕ್ ಆಯ್ತಾ ಇಲ್ಲ!”

ಇಬ್ಬರೂ ಹೋದೆವು. ನಾನು ಸ್ಪ್ಯಾನರ್ ಹಾಕಿ ತಿರುಗಿಸಿದೆ. ಬೋಲ್ಟು ತಿರುಗಿತು. ಮತ್ತೆ ತಿರುಗಿಸಿದೆ, ಮತ್ತೆ ತಿರುಗಿತು. ಆದರೆ ಒಂದು ಕೂದಲೆಳೆಯಷ್ಟೂ ಹೊರಗೆ ಬರಲಿಲ್ಲ. ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ನಟ್ಟಿನ ಹಲ್ಲುಗಳು ಪ್ಲೈವುಡ್ಡನ್ನು ತಿಂದು ಹಿಟ್ಟು ಮಾಡಿದ್ದವು. ಈಗ ಬೋಲ್ಟಿನ ಜೊತೆಯಲ್ಲೇ ನಟ್ಟೂ ಒಳಗೆ ಗಿರಗಿರ ತಿರುಗುತ್ತಿತ್ತು. ಹಿಂದಿನಿಂದ ಹಿಡಿದುಕೊಳ್ಳೋಣ ಅಂದರೆ ಪೆಟ್ಟಿಗೆ ಮುಚ್ಚಿದೆ. ನಾವು ಅದನ್ನು ಎಳೆದು ನೋಡಿದ್ದೆವು, ತಿರುಗಿಸಿ ತಿರುಗಿಸಿ ನೋಡಿರಲಿಲ್ಲ.

“ಒಡೀಬೇಕು,” ಅಂದೆ.

“ಅದುನ್ನ ಒಡುದ್ರೆ ನಾನೂ ಒಡುದೋಯ್ತೀನಿ!” ಅಂತ ಯಜಮಾನ ತಲೆ ಮೇಲೆ ಕೈ ಹೊತ್ತ. “ಸಂಜೆ ಗಂಡು ಹೆಣ್ಣ ಎಲ್ ಕೂರುಸ್ಲಿ, ಒಲೆ ಮೇಲಾ? ಇಂಗೇ ಎತ್ಕಂಡ್ ಓಗನ ನಡೀರಿ.”

ತರಕಾರಿ ಇಳಿಸಿ ಖಾಲಿ ವಾಪಸಾಗುತ್ತಿದ್ದ ಒಂದು ಲಾರಿ ಸಿಕ್ಕಿತು. ಎಲ್ಲರೂ ಸೇರಿ ಅಡಿಕಟ್ಟು, ಸಿಂಹಾಸನ, ಗೋಡೆ ಸಮೇತ ವೇದಿಕೆಯನ್ನು ನಿಂತ ಹಾಗೇ ಎತ್ತಿ ಲಾರಿಗಿಟ್ಟೆವು. ಗಾಡಿ ಹೊರಟ ತಕ್ಷಣ ಗಾಳಿಗೆ ಗೋಡೆ ತೂಗಾಡಿತು. ನಾನು ಹಿಂದೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂತೆ. ಸಿಂಹಾಸನದ ಮೇಲೆ ತೂಕ ಬೀಳಬೇಕಿತ್ತು. ನಮ್ಮಲ್ಲಿ ತೂಕದ ಮನುಷ್ಯ ಅಂದರೆ ಭಾಯ್.

ಅವರು ಸಿಂಹಾಸನದಲ್ಲಿ ಕೂತು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದುಕೊಂಡರು. ಗೋಡೆಗೆ ಕಟ್ಟಿದ್ದ ದಪ್ಪ ಹೂವಿನ ಹಾರ ಗಾಳಿಗೆ ಬಿಚ್ಚಿ ಅವರ ಮುಖಕ್ಕೆ ಬಡಿಯತೊಡಗಿತು. ಸಂಜೆಗೂ ಅದೇ ಹಾರ ಬೇಕು, ಬಿಸಾಡುವ ಹಾಗಿಲ್ಲ. ಹಿಡಿಯೋಕೆ ಕೈ ಖಾಲಿಯಿಲ್ಲ. ಭಾಯ್ ಅದನ್ನು ಕುತ್ತಿಗೆಗೆ ಹಾಕಿಕೊಂಡರು.

ಈಗ ನೀವೇ ನೋಡಿ. ಬಿಳಿ ಜುಬ್ಬಾ, ಬಿಳಿ ಗಡ್ಡ, ಎದೆ ತುಂಬ ಗುಲಾಬಿ ಹಾರ, ಬೆನ್ನ ಹಿಂದೆ ಥರ್ಮೋಕೋಲಿನ ದೊಡ್ಡಕ್ಷರದಲ್ಲಿ ‘ಶುಭ ವಿವಾಹ’. ಗೋಡೆಯ ಹಿಂದೆ ಕೂತ ನಾನು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಎದುರು ಬಂದ ಬಸ್ಸಿನವರು ಕಿಟಕಿಯಿಂದ ಸಿಳ್ಳೆ ಹಾಕಿದರು. ಒಂದು ಕಡೆ ಪೊಲೀಸಪ್ಪ ಲಾರಿ ತಡೆದು, ಮೇಲೆ ನೋಡಿ, ಕೋಪ ಮರೆತು ಕೇಳಿದ: “ಯಜಮಾನ್ರೇ, ಒಬ್ರೇ ಕೂತಿದೀರಿ? ಹೆಣ್ಣಿನ ಕಡೆಯೋರು ಹಿಂದಿನ ಲಾರೀಲಿ ಬರ್ತಾವ್ರಾ?”

ತೆರಕಣಾಂಬಿಯಲ್ಲಿ ಭಾಯ್ ಹೆಂಡತಿಯ ತಮ್ಮನದು ಸೈಕಲ್ ಶಾಪು. ಅವನು ಪಂಕ್ಚರ್ ಹಾಕುತ್ತಿದ್ದವನು ತಲೆಯೆತ್ತಿದ. ಅಕ್ಕನ ಗಂಡ ಹಾರ ಹಾಕಿಕೊಂಡು ಸಿಂಹಾಸನದಲ್ಲಿ ಹೋಗುತ್ತಿದ್ದಾರೆ! ಭಾಯ್ ಭಾವಮೈದುನನನ್ನು ನೋಡಿದ ಖುಷಿಗೆ ಒಂದು ಕೈ ಬಿಟ್ಟು ಬೀಸಿದರು. ಅಷ್ಟೇ ಸಾಕಾಯಿತು. ಅವನು ಟ್ಯೂಬು ಬಿಸಾಕಿ ಫೋನ್ ಹಿಡಿದ: “ಅಕ್ಕಾ, ಭಾವ ಇನ್ನೊಂದು ಮದುವೆ ಮಾಡ್ಕೊಂಡು ಬರ್ತಿದಾರೆ! ನಾಚಿಕೆಯಿಲ್ದೆ ನಂಗೆ ಕೈ ಬೇರೆ ಬೀಸಿದ್ರು!”

ಗುಂಡ್ಲುಪೇಟೆಯ ಚಪ್ಪರದ ಮುಂದೆ ಲಾರಿ ನಿಂತಾಗ ಮಂಡಿ ಹಮಾಲಿಗಳು ಕಾಯುತ್ತಿದ್ದರು. ಶಾಮಿಯಾನದ ಯಜಮಾನ, “ಸಾಬ್ರೇ, ನೀವ್ ಇಳೀಬ್ಯಾಡಿ, ಮಗುಚ್ಕಂಡದು!” ಅಂತ ಕೂಗಿದ. ಹೀಗಾಗಿ ಹಮಾಲಿಗಳು ಭಾಯ್ ಸಮೇತ ವೇದಿಕೆಯನ್ನು ಹೆಗಲ ಮೇಲೆ ಹೊತ್ತು, ಉತ್ಸವದ ಹಾಗೆ ಚಪ್ಪರದೊಳಕ್ಕೆ ನಡೆದರು. ವಾದ್ಯದವರು ಏನೋ ಶಾಸ್ತ್ರ ಇರಬೇಕು ಅಂದುಕೊಂಡು ಊದಿಯೇಬಿಟ್ಟರು. ಆರತಕ್ಷತೆಗೆ ಇನ್ನೂ ಒಂದು ಗಂಟೆ ಇರುವಾಗಲೇ ವೇದಿಕೆ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿತು. ಯಜಮಾನ ಕೈ ಮುಗಿದ.

ಅಷ್ಟರಲ್ಲಿ ಜನ ದಾರಿ ಬಿಟ್ಟರು. ಭಾಯ್ ಹೆಂಡತಿ ಬಂದು ವೇದಿಕೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಹಿಂದೆ ಅವರ ಬೀದಿಯ ಹೆಂಗಸರೆಲ್ಲ. ವಾದ್ಯ ತಾನಾಗಿ ನಿಂತಿತು.

ಭಾಯ್ ಹಾರ ತೆಗೆಯೋಕೆ ಹೋದರು, ಅದು ಗುಂಡಿಗೆ ಸಿಕ್ಕಿಕೊಂಡಿತು. “ನೀನು ಅಂದ್ಕೊಂಡ ಹಾಗಲ್ಲ ಮಾರಾಯ್ತಿ! ಒಳಗೆ ನಟ್ಟು ಕೆಟ್ಟಿದೆ. ಎಷ್ಟು ತಿರುಗಿಸಿದ್ರೂ ಸುಮ್ನೆ ಕೂತಲ್ಲೇ ತಿರುಗ್ತದೆ, ಬಿಚ್ಚಿಕೊಳ್ಳಲ್ಲ. ಒಡೆಯೋಕೂ ಮನಸ್ಸು ಬರ್ಲಿಲ್ಲ. ಅದಕ್ಕೇ ಹಿಂಗೇ ಹೊತ್ಕೊಂಡು ಬಂದ್ವಿ. ಬೇಕಾದ್ರೆ ಫಿಟ್ಟರ್ರನ್ನ ಕೇಳು!”

ಅವರು ನನ್ನ ಕಡೆ ನೋಡಿದರು. ನಾನು ಸ್ಪ್ಯಾನರ್ ಎತ್ತಿ ತೋರಿಸಿ ಹೌದು ಅಂತ ತಲೆಯಾಡಿಸಿದೆ. ಅವರು ಮತ್ತೆ ಗಂಡನ ಕಡೆ ತಿರುಗಿ, ಗಡ್ಡದಿಂದ ಪಾದದವರೆಗೆ ಒಂದು ಸಲ ನಿಧಾನವಾಗಿ ನೋಡಿದರು.

“ಕೇಳೋದೇನಿದೆ? ನಿಕಾ ಆದಾಗಿಂದ ನಾನೂ ಅಂಥದ್ದನ್ನೇ ಹೊತ್ಕೊಂಡು ತಿರುಗ್ತಿಲ್ವಾ!”